ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಆಂಟೆನಾ ಏಳುತ್ತಿಲ್ಲವೇ? ಮೋಟರ್ ಬಿಚ್ಚುವ ಮೊದಲು ನೀಲಿ ವೈರ್ ನೋಡಿ

ಪ್ರಶ್ನೆ: ನಮ್ಮದು 1996ರ ಕಾಂಟೆಸ್ಸಾ. ಅಪ್ಪ ಕೊಂಡ ಕಾರು. ಅವರು ತೀರಿಕೊಂಡ ಮೇಲೆ ಗದಗದಲ್ಲಿ ನನ್ನ ಹತ್ತಿರವೇ ಇದೆ. ಹಿಂದಿನ ಎಡ ಮಡ್‌ಗಾರ್ಡ್ ಮೇಲೆ ಅಪ್ಪ ಆಗಲೇ ಹುಬ್ಬಳ್ಳಿಯಲ್ಲಿ ಪವರ್ ಆಂಟೆನಾ ಹಾಕಿಸಿದ್ದರು. ರೇಡಿಯೋ ಆನ್ ಮಾಡಿದರೆ ಮೇಲೆ ಬರುತ್ತಿತ್ತು, ಆಫ್ ಮಾಡಿದರೆ ಒಳಗೆ ಹೋಗುತ್ತಿತ್ತು. ಹೋದ ತಿಂಗಳು ಹಳೆಯ ಕ್ಯಾಸೆಟ್ ಸ್ಟೀರಿಯೋ ತೆಗೆಸಿ, ಬ್ಲೂಟೂತ್ ಇರುವ ಹೊಸದನ್ನು ಹಾಕಿಸಿದೆ. ಅವತ್ತಿನಿಂದ ಆಂಟೆನಾ ಏಳುತ್ತಲೇ ಇಲ್ಲ, ಸಣ್ಣ ಶಬ್ದವೂ ಇಲ್ಲ. ಫಿಟ್ಟರ್ ನೋಡಿ, "ಮೋಟರ್ ಹೋಗೇತ್ರಿ ಸರ, ತಗದ ಒಗದು ಶಾರ್ಕ್ ಫಿನ್ ಹಚ್ಚಿಬಿಡೋಣ್ರಿ" ಅಂದ. ಶಾರ್ಕ್ ಫಿನ್ ಅಂದರೆ ಕಾರಿನ ಮೇಲೆ ಕೂರಿಸುವ, ಮೀನಿನ ರೆಕ್ಕೆ ಆಕಾರದ ಗಿಡ್ಡ ಆಂಟೆನಾ. ಅಪ್ಪ ದಿನಾ ಕೇಳುತ್ತಿದ್ದ ಧಾರವಾಡ ಆಕಾಶವಾಣಿಯೂ ಬರುತ್ತಿಲ್ಲ. ಹೊಸ ಸ್ಟೀರಿಯೋದಲ್ಲಿ 760 ಆದ ಮೇಲೆ ನೇರ 770 ಬರುತ್ತದೆ, ಧಾರವಾಡದ 765 ಕಾಣಿಸುವುದೇ ಇಲ್ಲ. ಆಂಟೆನಾ ತೆಗೆಸಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ತೆಗೆಸಬೇಡಿ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ಕಾರು ಅಂಗಡಿಗೆ ಹೋಗುವಾಗ ಆಂಟೆನಾ ಏಳುತ್ತಿತ್ತು, ಹೊರಗೆ ಬರುವಾಗ ಏಳಲಿಲ್ಲ. ಇಷ್ಟು ವರ್ಷ ನಡೆದ ಮೋಟರ್ ಸರಿಯಾಗಿ ಆ ಮೂರ್ನಾಲ್ಕು ತಾಸಿನಲ್ಲೇ ಕೆಟ್ಟುಹೋಯಿತು ಅಂದರೆ ನಾನಂತೂ ಸುಲಭಕ್ಕೆ ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಡಿಕ್ಕಿಯ ಕಡೆ ಯಾರೂ ಕೈ ಹಾಕಿಲ್ಲ. ಕೈ ಹಾಕಿದ್ದು ಡ್ಯಾಶ್‌ಬೋರ್ಡ್ ಹಿಂದೆ. ಹಾಗಾಗಿ ಹುಡುಕಾಟವೂ ಅಲ್ಲಿಗೇ ಹೋಗಬೇಕು.

ನಿಮ್ಮ ಕಾರಿನಲ್ಲಿ ಇರುವುದು ಒಂದಲ್ಲ, ಎರಡು ತೊಂದರೆ. ಆಂಟೆನಾ ಏಳದಿರುವುದು ಒಂದು. 765 ಸಿಗದಿರುವುದು ಬೇರೆಯದೇ ಇನ್ನೊಂದು. ಎರಡೂ ಒಂದೇ ದಿನ ಶುರುವಾಗಿದ್ದಕ್ಕೆ ಒಂದೇ ಅನ್ನಿಸಿದೆ, ಅಷ್ಟೇ. ಎರಡನೆಯದು ಎರಡು ನಿಮಿಷದ ಕೆಲಸ, ಅದನ್ನು ಕೊನೆಗೆ ಹೇಳುತ್ತೇನೆ.

ಆಂಟೆನಾದಿಂದ ಎರಡು ಕೇಬಲ್ ಹೊರಡುತ್ತವೆ. ಒಂದು ದಪ್ಪ, ಟಿವಿ ಕೇಬಲ್ ತರಹದ್ದು. ಅದು ರೇಡಿಯೋ ಅಲೆಯನ್ನು ಮಾತ್ರ ಸ್ಟೀರಿಯೋಗೆ ಒಯ್ಯುತ್ತದೆ, ಮೋಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಸಣ್ಣ ವೈರ್‌ಗಳ ಗೊಂಚಲು, ಹೆಚ್ಚಾಗಿ ಮೂರು ವೈರ್. ಮೊದಲನೆಯದು ಬ್ಯಾಟರಿಯಿಂದ ಫ್ಯೂಜ್ ಮೂಲಕ ಬರುವ 12 ವೋಲ್ಟ್. ಕೀ ತೆಗೆದರೂ ಅದರಲ್ಲಿ ಕರೆಂಟ್ ಇರಲೇಬೇಕು, ಇಲ್ಲದಿದ್ದರೆ ಏರಿದ ಆಂಟೆನಾ ಕೆಳಗೆ ಇಳಿಯುವುದು ಹೇಗೆ? ಎರಡನೆಯದು ಅರ್ಥ್. ಮೂರನೆಯದು ಸಿಗ್ನಲ್ ವೈರ್. ಸ್ಟೀರಿಯೋ ಆನ್ ಆದಾಗ ಅದರಲ್ಲಿ 12 ವೋಲ್ಟ್ ಬರುತ್ತದೆ, ಆಂಟೆನಾದ ಒಳಗಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಅದನ್ನು ಕಂಡು ಮೋಟರನ್ನು ಮೇಲಕ್ಕೆ ತಿರುಗಿಸುತ್ತದೆ. ಸಿಗ್ನಲ್ ಹೋದ ಕೂಡಲೇ ಅದೇ ರಿಲೇ ಮೋಟರನ್ನು ಉಲ್ಟಾ ತಿರುಗಿಸುತ್ತದೆ. ಮೋಟರ್ ಎಳೆಯುವ ಕರೆಂಟ್ ಈ ಸಿಗ್ನಲ್ ವೈರಿನಲ್ಲಿ ಬರುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೆಲವು ಕಾರುಗಳಲ್ಲಿ ನಾಲ್ಕು ವೈರ್ ಇರುತ್ತವೆ. ಅಲ್ಲಿ ಕೀ ಆನ್ ಮಾಡಿದಾಗ ಬರುವ ಕರೆಂಟ್ ಬೇರೆ, ರೇಡಿಯೋದ ಸಿಗ್ನಲ್ ಬೇರೆ. ಉಳಿದದ್ದೆಲ್ಲ ಇದೇ ಲೆಕ್ಕ.

ಈಗ ಸ್ಟೀರಿಯೋ ಕಡೆ ಬರೋಣ. ಹೊಸ ಸ್ಟೀರಿಯೋಗಳ ವೈರ್ ಬಣ್ಣಗಳು ಹೆಚ್ಚುಕಡಿಮೆ ಎಲ್ಲ ಕಂಪನಿಗೂ ಒಂದೇ. ಹಳದಿ ಅಂದರೆ ಬ್ಯಾಟರಿಯ ಕಾಯಂ ಕರೆಂಟ್. ಕೆಂಪು ಅಂದರೆ ಕೀ ಆನ್ ಮಾಡಿದಾಗ ಬರುವ ಕರೆಂಟ್. ಕಪ್ಪು ಅರ್ಥ್. ಪೂರ್ತಿ ನೀಲಿ ಇರುವುದು ಪವರ್ ಆಂಟೆನಾಕ್ಕೆ. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಆಂಪ್ಲಿಫೈಯರ್‌ಗೆ. ಕಷ್ಟ ಇರುವುದು ಕಾರಿನ ಕಡೆ. ನಿಮ್ಮ ಆಂಟೆನಾ ಕಾರಿನ ಜೊತೆ ಬಂದದ್ದಲ್ಲ, ಅಪ್ಪ ಹೊರಗಿನಿಂದ ಹಾಕಿಸಿದ್ದು. ಆವತ್ತಿನ ಮಿಸ್ತ್ರಿ ಕೈಗೆ ಸಿಕ್ಕ ಬಣ್ಣದ ವೈರನ್ನು ಡಿಕ್ಕಿಯಿಂದ ಮುಂದಕ್ಕೆ ಎಳೆದಿರುತ್ತಾನೆ. ಅದು ಹಸಿರು ಇರಬಹುದು, ಕೆಂಪೂ ಇರಬಹುದು. ಇವತ್ತಿನ ಹುಡುಗ ಹೊಸ ಸ್ಟೀರಿಯೋ ಕೂರಿಸುವಾಗ ಹಳದಿ, ಕೆಂಪು, ಕಪ್ಪು ಮತ್ತು ಸ್ಪೀಕರ್ ವೈರ್ ಜೋಡಿಸುತ್ತಾನೆ. ಹಾಡು ಬಂತು, ಕೆಲಸ ಮುಗಿಯಿತು. ಮಿಕ್ಕ ಒಂದು ವೈರ್ ಎಲ್ಲಿಯದೆಂದು ತಿಳಿಯದೆ ತುದಿಗೆ ಟೇಪ್ ಸುತ್ತಿ ಒಳಗೆ ತುರುಕುತ್ತಾನೆ. ಅವನನ್ನು ಬೈದು ಉಪಯೋಗವಿಲ್ಲ. ಪವರ್ ಆಂಟೆನಾ ಇರುವ ಕಾರನ್ನೇ ಅವನು ಹೆಚ್ಚು ನೋಡಿರಲಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ನವಲಗುಂದದ ಕಡೆಯ ಹಿರಿಯರೊಬ್ಬರು ಹುಬ್ಬಳ್ಳಿಗೆ ನನ್ನ ಹತ್ತಿರ ಕಾರು ತಂದಿದ್ದರು. ಮೂರು ಕಡೆ "ಮೋಟರ್ ಹೋಗಿದೆ" ಅನ್ನಿಸಿಕೊಂಡು ಬಂದಿದ್ದರು. ಸ್ಟೀರಿಯೋ ಹೊರಗೆಳೆದು ಟಾರ್ಚ್ ಹಿಡಿದೆ. ಹೀಟರ್ ಪೈಪಿನ ಪಕ್ಕದ ಸಂದಿಯಲ್ಲಿ ಒಂದು ಹಸಿರು ವೈರ್ ಮಡಚಿಕೊಂಡು ಕೂತಿತ್ತು. ತುದಿಗೆ ಕಪ್ಪು ಟೇಪ್, ಬಿಸಿಲಿಗೆ ಕರಗಿ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟುತ್ತಿತ್ತು. ಟೇಪ್ ಬಿಡಿಸಿ, ತುದಿ ಕೆರೆದು, ಸ್ಟೀರಿಯೋದ ನೀಲಿ ವೈರಿಗೆ ತಾಗಿಸಿದೆ. ಹಿಂದಿನಿಂದ ಝುಂಯ್ ಅಂತ ಶಬ್ದ ಬಂತು. ಆ ಹಿರಿಯರು ಏನೂ ಮಾತಾಡದೆ ಕಾರಿನ ಹಿಂದೆ ಹೋಗಿ, ಆಂಟೆನಾ ಪೂರ್ತಿ ಏಳುವವರೆಗೆ ನೋಡುತ್ತಾ ನಿಂತರು. ನಿಮ್ಮದೂ ಇದೇ ಕಥೆ ಅನ್ನುವುದು ನನ್ನ ಬಲವಾದ ಅನಿಸಿಕೆ. ಆದರೂ ಅಳೆದು ನೋಡಿಯೇ ಮುಂದುವರಿಯಿರಿ.

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು, ಸಾದಾ ಇದ್ದರೆ ಸಾಕು. ಬಲ್ಬಿನ ಟೆಸ್ಟ್ ಲ್ಯಾಂಪ್ ಮಾತ್ರ ಸ್ಟೀರಿಯೋದ ನೀಲಿ ವೈರಿಗೆ ಹಚ್ಚಲೇಬೇಡಿ. ಆ ವೈರ್ ಕೊಡುವ ಕರೆಂಟ್ ಸಾಮಾನ್ಯವಾಗಿ 300ರಿಂದ 500 ಮಿಲಿಆಂಪಿಯರ್. 5 ವ್ಯಾಟ್ ಬಲ್ಬೇ 400 ಮಿಲಿಆಂಪಿಯರ್ ದಾಟುತ್ತದೆ. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಹಚ್ಚಿದರೆ ಒಂದೂಮುಕ್ಕಾಲು ಆಂಪಿಯರ್. ತಪಾಸಣೆ ಮಾಡಲು ಹೋಗಿ ಸ್ಟೀರಿಯೋವನ್ನೇ ಸುಟ್ಟಂತಾಗುತ್ತದೆ.

ಡಿಕ್ಕಿಯಿಂದಲೇ ಶುರು ಮಾಡಿ. ಎಡಗಡೆಯ ರಟ್ಟು ಸರಿಸಿದರೆ ಆಂಟೆನಾದ ಡಬ್ಬಿ ಕಾಣುತ್ತದೆ. ಅದರ ವೈರ್‌ಗಳ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಲೀಡನ್ನು ಬಣ್ಣ ಕೆರೆದ ಬಾಡಿ ಬೋಲ್ಟಿಗೆ ಹಿಡಿದು, ಕೆಂಪು ಲೀಡನ್ನು ಕಾರಿನ ಕಡೆಯಿಂದ ಬರುವ ಒಂದೊಂದು ವೈರಿಗೂ ಮುಟ್ಟಿಸಿ. ಕೀ ಆಫ್ ಇರುವಾಗ ಒಂದರಲ್ಲಿ 12 ವೋಲ್ಟಿಗಿಂತ ಸ್ವಲ್ಪ ಮೇಲೆ ಬರಬೇಕು, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಾದರೆ 12.6ರ ಹತ್ತಿರ. ಅದು ಕಾಯಂ ವೈರ್. ಈಗ ಕೆಂಪು ಲೀಡನ್ನು ಆ ಕಾಯಂ ವೈರಿನಲ್ಲೇ ಇಟ್ಟು, ಕಪ್ಪು ಲೀಡನ್ನು ಬಾಡಿಯಿಂದ ತೆಗೆದು ಉಳಿದ ಎರಡು ವೈರಿಗೆ ಒಂದಾದ ಮೇಲೊಂದು ಹಿಡಿಯಿರಿ. ಎಲ್ಲಿ ಅಷ್ಟೇ 12.6 ಬರುತ್ತದೋ ಅದು ಅರ್ಥ್. ಮಿಕ್ಕಿದ್ದೇ ಸಿಗ್ನಲ್.

ಕಾಯಂ ವೈರಿನಲ್ಲೇ ಸೊನ್ನೆ ಬಂದರೆ ಮೊದಲು ಫ್ಯೂಜ್ ನೋಡಿ. ಫ್ಯೂಜ್ ಸರಿ ಇದ್ದೂ ಕರೆಂಟ್ ಇಲ್ಲ ಅಂದರೆ ಹಳೆಯ ಮಿಸ್ತ್ರಿ ಆಂಟೆನಾದ ಕಾಯಂ ಕರೆಂಟನ್ನೂ ಹಳೆಯ ಸ್ಟೀರಿಯೋದ ಹಿಂದಿನಿಂದಲೇ ತೆಗೆದಿರುತ್ತಾನೆ. ಆಗ ತುರುಕಿಟ್ಟ ವೈರ್ ಒಂದಲ್ಲ, ಎರಡು ಸಿಗುತ್ತವೆ. ಹೊರಗಿನಿಂದ ಹಾಕಿಸಿದ ಆಂಟೆನಾಗಳಲ್ಲಿ ಇದು ಅಪರೂಪವೇನಲ್ಲ.

ಕಾಯಂ ಮತ್ತು ಅರ್ಥ್ ಸರಿ ಇದ್ದರೆ, ಮನೆಯವರೊಬ್ಬರನ್ನು ಮುಂದೆ ಕೂರಿಸಿ ರೇಡಿಯೋ ಆನ್ ಮಾಡಿಸಿ. ಬ್ಲೂಟೂತ್ ಅಲ್ಲ, ರೇಡಿಯೋನೇ. ಸಿಗ್ನಲ್ ವೈರಿನಲ್ಲಿ 12 ಬಂತೇ? ಬರಲಿಲ್ಲ ಅಂದರೆ ಮೋಟರಿನ ಮೇಲೆ ಬಂದ ಆರೋಪ ಅಲ್ಲಿಗೆ ಬಿತ್ತು. ಆದರೂ ಅದರ ಬಾಯಿಂದಲೇ ಕೇಳಿಬಿಡೋಣ. ಕಪ್ಲರ್ ಮತ್ತೆ ಹಾಕಿ. ಮುಂದೆ ಸ್ಟೀರಿಯೋದ ಹಿಂದೆ ಆ ವೈರಿನ ಇನ್ನೊಂದು ತುದಿ ಹುಡುಕಿ. ಅದು ಬೇರೆ ಯಾವುದಕ್ಕೂ ಸೇರಿಲ್ಲ ಅಂತ ಖಚಿತ ಮಾಡಿಕೊಂಡು, 1 ಆಂಪಿಯರ್ ಫ್ಯೂಜ್ ಇರುವ ತುಂಡು ವೈರಿನಿಂದ ಅದಕ್ಕೆ ಬ್ಯಾಟರಿಯ ಪ್ಲಸ್ ಕೊಡಿ. ಆಂಟೆನಾ ಎದ್ದು, ತೆಗೆದ ಕೂಡಲೇ ಇಳಿಯಿತು ಅಂದರೆ ಮೋಟರ್, ರಿಲೇ, ಕೋಲನ್ನು ಏರಿಸಿ ಇಳಿಸುವ ಒಳಗಿನ ದಾರ, ಡಿಕ್ಕಿಯವರೆಗಿನ ವೈರಿಂಗ್ ಎಲ್ಲವೂ ಗಟ್ಟಿ. ಈ ಒಂದು ತಪಾಸಣೆ ಮಾಡದೆ "ಮೋಟರ್ ಹೋಗಿದೆ" ಅನ್ನುವ ಹಕ್ಕು ಯಾರಿಗೂ ಇಲ್ಲ.

ಇನ್ನು ಜೋಡಣೆ. ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಸಿಗ್ನಲ್ ವೈರನ್ನು ಸ್ಟೀರಿಯೋದ ಪೂರ್ತಿ ನೀಲಿ ವೈರಿಗೆ ಸೇರಿಸಿ, ನಡುವೆ ಅರ್ಧ ಅಥವಾ 1 ಆಂಪಿಯರಿನ ಸಣ್ಣ ಫ್ಯೂಜ್ ಇರಲಿ. ಬೆಸುಗೆ ಹಾಕಿ ಮೇಲೆ ಸ್ಲೀವ್ ಹಾಕಿಸಿ. ಬರೀ ತಿರುಚಿ ಟೇಪ್ ಸುತ್ತುವುದು ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಾಳುವುದಿಲ್ಲ.

ನೀಲಿಯೋ, ಬಿಳಿ ಗೆರೆಯ ನೀಲಿಯೋ ಎನ್ನುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಬಹಳಷ್ಟು ಸ್ಟೀರಿಯೋಗಳಲ್ಲಿ ಪೂರ್ತಿ ನೀಲಿ ವೈರಿಗೆ ರೇಡಿಯೋ ಹಾಕಿದಾಗ ಮಾತ್ರ ಕರೆಂಟ್ ಬರುತ್ತದೆ. ಪೆನ್‌ಡ್ರೈವ್‌ಗೋ ಬ್ಲೂಟೂತ್‌ಗೋ ಹೋದ ಕೂಡಲೇ ನಿಲ್ಲುತ್ತದೆ, ಆಂಟೆನಾ ತಾನಾಗಿ ಇಳಿಯುತ್ತದೆ. ಬಿಳಿ ಗೆರೆಯದು ಸ್ಟೀರಿಯೋ ಆನ್ ಇರುವಷ್ಟೂ ಹೊತ್ತು ಕರೆಂಟ್ ಕೊಡುತ್ತದೆ. ನಿಮಗೆ ಬೇಕಾದ್ದು ಮೊದಲನೆಯದು. ಆದ್ದರಿಂದ ಹಾಡು ಕೇಳುವಾಗ ಆಂಟೆನಾ ಇಳಿದರೆ ಮತ್ತೆ ಕೆಟ್ಟಿತು ಅಂತ ಗಾಬರಿ ಬೇಡ. ನಿಮ್ಮ ಸ್ಟೀರಿಯೋದಲ್ಲಿ ಒಂದೇ ನೀಲಿ ವೈರ್ ಇದ್ದು, ಅದು ಸದಾ ಕರೆಂಟ್ ಕೊಡುತ್ತಿದ್ದರೆ, ಸಿಗ್ನಲ್ ವೈರಿನ ನಡುವೆ ಒಂದು ಪುಟ್ಟ ಸ್ವಿಚ್ ಹಾಕಿಸಿ ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸಿ. ಕಾರು ತೊಳೆಸುವಾಗ, ಬೇವಿನ ಕೊಂಬೆಯ ಕೆಳಗೆ ನಿಲ್ಲಿಸುವಾಗ ಆಂಟೆನಾ ಇಳಿಸಿಕೊಳ್ಳಬಹುದು. ನಾನು ಹಳೆಯ ಕಾರುಗಳಿಗೆ ಈ ಸ್ವಿಚ್ ಕೇಳದೆಯೇ ಹಾಕಿಕೊಡುತ್ತೇನೆ.

ಜೋಡಿಸಿದ ಮೇಲೆ ಕೀ ತೆಗೆದರೂ ಆಂಟೆನಾ ಮೇಲೆಯೇ ನಿಂತರೆ, ಫಿಟ್ಟರ್ ಸ್ಟೀರಿಯೋದ ಕೆಂಪು ಮತ್ತು ಹಳದಿಯನ್ನು ಒಟ್ಟಿಗೆ ಸೇರಿಸಿದ್ದಾನಾ ನೋಡಿ. ಕೀ ಇಲ್ಲದೆಯೂ ಹಾಡು ಬರಲಿ ಎಂದು ಕೆಲವರು ಹೀಗೆ ಮಾಡುತ್ತಾರೆ. ಹಾಗಿದ್ದಲ್ಲಿ ನೀವು ಬಟನ್ ಒತ್ತಿ ಆಫ್ ಮಾಡುವವರೆಗೆ ಸ್ಟೀರಿಯೋ ಮಲಗುವುದಿಲ್ಲ. ಮರೆತು ಇಳಿದುಹೋದರೆ ಬ್ಯಾಟರಿ ಖಾಲಿ. ಕೆಂಪನ್ನು ಕೀ ಕರೆಂಟಿಗೇ ಕೊಡಿಸಿ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಮೋಟರಿನ ಕರೆಂಟ್ ಸಿಗ್ನಲ್ ವೈರಿನಲ್ಲಿ ಬರಬಾರದು. ಯಾರಾದರೂ ಬುದ್ಧಿವಂತಿಕೆ ಮಾಡಿ ಆಂಟೆನಾದ ಕಾಯಂ ವೈರನ್ನೂ ಸ್ಟೀರಿಯೋದ ನೀಲಿಗೇ ಸೇರಿಸಿದರೆ ಮೋಟರ್ ಆಂಪಿಯರ್‌ಗಟ್ಟಲೆ ಎಳೆಯುತ್ತದೆ, ಸ್ಟೀರಿಯೋದ ಒಳಗಿನ ಪುಟ್ಟ ಟ್ರಾನ್ಸಿಸ್ಟರ್ ಸುಡುತ್ತದೆ. ಹಾವೇರಿಯಿಂದ ಬಂದ ಒಂದು ಕಾರಿನಲ್ಲಿ ಹೀಗೇ ಆಗಿತ್ತು. ಅದರಲ್ಲಿ ಮೋಸ ಮಾಡುವ ಒಂದು ಸಂಗತಿ ಇತ್ತು. ಮೀಟರ್ ಹಿಡಿದರೆ ನೀಲಿ ವೈರಿನಲ್ಲಿ 11 ವೋಲ್ಟಿನ ಮೇಲೆಯೇ ತೋರಿಸುತ್ತಿತ್ತು. ಆಂಟೆನಾದ ರಿಲೇಗೆ ಹಚ್ಚಿದ ಕೂಡಲೇ 2ಕ್ಕೆ ಬೀಳುತ್ತಿತ್ತು. ಹಾಗಾಗಿ ವೋಲ್ಟೇಜನ್ನು ವೈರ್ ಜೋಡಿಸಿದ ಸ್ಥಿತಿಯಲ್ಲಿಯೂ ಒಮ್ಮೆ ಅಳೆಯಿರಿ. ಹಾಗೆ ಬೀಳುತ್ತಿದ್ದರೆ ಸ್ಟೀರಿಯೋ ಎಸೆಯಬೇಕಿಲ್ಲ. ಆ ನೀಲಿ ವೈರನ್ನು ಬಿಟ್ಟು, ಕೀ ಕರೆಂಟಿನಿಂದ 1 ಆಂಪಿಯರ್ ಫ್ಯೂಜ್ ಮತ್ತು ಒಂದು ಸ್ವಿಚ್ ಮೂಲಕ ಸಿಗ್ನಲ್ ಕೊಡಿ. ಸ್ವಿಚ್ ಒತ್ತಿದರೆ ಏಳುತ್ತದೆ, ಕೀ ತೆಗೆದರೆ ಇಳಿಯುತ್ತದೆ.

ಎರಡೇ ವೈರ್ ಇರುವ ಹಳೆಯ ಆಂಟೆನಾಗಳೂ ಇವೆ. ಅವುಗಳಲ್ಲಿ ರಿಲೇ ಇರುವುದಿಲ್ಲ, ಪ್ಲಸ್ ಮೈನಸ್ ಅದಲುಬದಲು ಮಾಡಿ ಏರಿಸಿ ಇಳಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆ ಬೇರೆ ಸ್ವಿಚ್ ಇರುತ್ತದೆ. ಅಂಥದ್ದನ್ನು ನೇರ ಸ್ಟೀರಿಯೋಗೆ ಕೊಡಲು ಬರುವುದಿಲ್ಲ. ನಿಮ್ಮದು ರೇಡಿಯೋ ಜೊತೆ ತಾನಾಗಿ ಏಳುತ್ತಿತ್ತು ಅಂದಮೇಲೆ ಆ ಚಿಂತೆ ಬೇಡ. ಹೊಸ ಕಾಲದ ಕಾರು ಇರುವವರಿಗೆ ಒಂದು ಮಾತು: ಐಎಸ್‌ಒ ಮಾದರಿಯ ಕಪ್ಲರ್ (ಹಲವು ಕಂಪನಿಗಳಿಗೆ ಒಂದೇ ತರಹದ ಪ್ಲಗ್) ಇದ್ದರೆ ಪವರ್ ಪ್ಲಗ್ಗಿನ 5ನೇ ಪಿನ್ ಆಂಟೆನಾದ್ದು. ಆಂಟೆನಾ ಏರುವಂಥದ್ದಲ್ಲದಿದ್ದರೂ ಅದರ ಬುಡದಲ್ಲಿ ಬೂಸ್ಟರ್ ಇದ್ದರೆ ಅದಕ್ಕೂ ಈ ಕರೆಂಟೇ ಬೇಕು. ಸ್ಟೀರಿಯೋ ಬದಲಿಸಿದ ಮೇಲೆ ಎಫ್‌ಎಂ ಮಂಕಾಯಿತು ಅನ್ನುವ ದೂರುಗಳಲ್ಲಿ ಬಹಳಷ್ಟು ಇದರಿಂದಲೇ.

ಇನ್ನು ಧಾರವಾಡ ಆಕಾಶವಾಣಿ. 765 ಕಿಲೋಹರ್ಟ್ಸ್ ನಿಮ್ಮ ಸ್ಟೀರಿಯೋದಲ್ಲಿ ಕಾಣದಿರಲು ಆಂಟೆನಾ ಕಾರಣವಲ್ಲ. ನಮ್ಮ ದೇಶದಲ್ಲಿ ಮೀಡಿಯಂ ವೇವ್ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿವೆ. 9 ಎಂಬತ್ತೈದಲೇ 765, ಲೆಕ್ಕ ಸರಿಯಾಗಿ ಕೂಡುತ್ತದೆ. ಅಮೆರಿಕದಲ್ಲಿ ಅಂತರ 10. ನಿಮ್ಮ ಸ್ಟೀರಿಯೋ ಆ ದೇಶದ ಸೆಟ್ಟಿಂಗಿನಲ್ಲಿದೆ, ಅದಕ್ಕೇ 760 ಆದ ಮೇಲೆ 770ಕ್ಕೆ ಹಾರುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಏರಿಯಾ, ರೀಜನ್ ಅಥವಾ ಟ್ಯೂನರ್ ಸ್ಟೆಪ್ ಎಂದಿರುವುದನ್ನು ಹುಡುಕಿ ಏಷ್ಯಾ ಅಥವಾ ಯುರೋಪ್ ಮಾಡಿ. 756, 765, 774 ಹೀಗೆ ಬರತೊಡಗಿದರೆ ಸರಿಯಾಯಿತು. ಇದನ್ನು ಬದಲಿಸಿದಾಗ ಉಳಿಸಿಟ್ಟ ಕೇಂದ್ರಗಳು ಅಳಿಸಿಹೋಗಬಹುದು, ಮತ್ತೆ ಹಾಕಿಕೊಳ್ಳಿ.

ಆಂಟೆನಾ ಎದ್ದರೆ ಕೇಂದ್ರ ಎಷ್ಟು ಸುಧಾರಿಸುತ್ತದೆ ಅಂತ ಕೇಳಬಹುದು. ಎಫ್‌ಎಂ ಅಲೆಯ ಕಾಲು ಭಾಗ ಸುಮಾರು 75 ಸೆಂಟಿಮೀಟರ್, ಅಂದರೆ ನಿಮ್ಮ ಆಂಟೆನಾ ಪೂರ್ತಿ ಎದ್ದಾಗಿನ ಉದ್ದದ ಆಸುಪಾಸು. ಆದ್ದರಿಂದ ಎಫ್‌ಎಂಗೆ ಅದು ಹೇಳಿ ಮಾಡಿಸಿದಂತೆ. 765ರ ಅಲೆಯ ಉದ್ದವೋ 390 ಮೀಟರಿಗೂ ಜಾಸ್ತಿ. ಅದರ ಮುಂದೆ ಯಾವ ಕಾರಿನ ಆಂಟೆನಾವೂ ಗಿಡ್ಡವೇ. ಹಾಗಾಗಿ ಅಲ್ಲಿ ಸಿಗುವ ಒಂದೊಂದು ಗೇಣೂ ಲೆಕ್ಕಕ್ಕೆ ಬರುತ್ತದೆ. ಶಾರ್ಕ್ ಫಿನ್ ಬೇಡ ಅನ್ನಲು ನನ್ನ ಕಾರಣ ಇದೇ. ಅಂಗಡಿಯಲ್ಲಿ ಸಿಗುವ ಅಂಟಿಸುವ ಫಿನ್‌ಗಳಲ್ಲಿ ಹಲವು ಅಂದಕ್ಕೆ ಮಾತ್ರ, ಒಳಗೆ ಏನೂ ಇರುವುದಿಲ್ಲ. ಒಳಗೆ ತಂತಿ ಇದ್ದರೂ ಧಾರವಾಡ ಕೇಂದ್ರಕ್ಕೆ ಅದು ಸಾಲದು.

ಸೆಟ್ಟಿಂಗ್ ಬದಲಿಸಿ, ಆಂಟೆನಾ ಎದ್ದ ಮೇಲೂ ಕರ್‌ಕರ್ ಇದ್ದರೆ ಮೊದಲು ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳು ಮೀಡಿಯಂ ವೇವನ್ನು ಹಾಳು ಮಾಡಿಬಿಡುತ್ತವೆ. ಆಮೇಲೆ ದಪ್ಪ ಕೇಬಲ್ ಸ್ಟೀರಿಯೋದ ಹಿಂದೆ ಪೂರ್ತಿ ಕೂತಿದೆಯೇ ನೋಡಿ. ಅದೂ ಸರಿ ಇದ್ದರೆ ಆಂಟೆನಾದ ಬುಡ ಬಾಡಿಗೆ ತಾಗುವ ಜಾಗ ತುಕ್ಕು ಹಿಡಿದಿರುತ್ತದೆ. ಮಡ್‌ಗಾರ್ಡಿನ ಒಳಮೈಯನ್ನು ಸ್ವಲ್ಪ ಕೆರೆದು ನಟ್ಟು ಬಿಗಿ ಮಾಡಿ.

ಇಷ್ಟು ದಿನ ಒಳಗೇ ಇದ್ದ ಆಂಟೆನಾ ಮೊದಲ ಸಲ ಏಳುವಾಗ ಪಕ್ಕದಲ್ಲೇ ನಿಂತಿರಿ. ನಿಮ್ಮ ಕಡೆಯ ಎರೆಮಣ್ಣಿನ ಧೂಳು ಕೊಳವೆಗಳ ಸಂದಿಯಲ್ಲಿ ಗಟ್ಟಿಯಾಗಿರುತ್ತದೆ. ಅರ್ಧಕ್ಕೆ ನಿಂತು ಟಕಟಕ ಅಂದರೆ ಕೂಡಲೇ ಆಫ್ ಮಾಡಿ, ಕೈಯಿಂದ ಎಳೆಯಬೇಡಿ. ಒಳಗೆ ಹಲ್ಲಿರುವ ನೈಲಾನ್ ದಾರ ಇದೆ, ಎಳೆದರೆ ಅದು ತುಂಡಾಗುತ್ತದೆ. ಹೊರಗೆ ಬಂದಷ್ಟು ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಸವರಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ನಾಲ್ಕೈದು ಸಲ ಏರಿಸಿ ಇಳಿಸಿ ಹೀಗೇ ಮಾಡಿ. ಗ್ರೀಸ್ ಮಾತ್ರ ಹಚ್ಚಬೇಡಿ, ಧೂಳು ಅದಕ್ಕೇ ಹಿಡಿದುಕೊಳ್ಳುತ್ತದೆ. ಡಬ್ಬಿಯ ಕೆಳಗೆ ನೀರು ಹೋಗುವ ಸಣ್ಣ ಪೈಪ್ ಇದ್ದರೆ ಅದರ ಬಾಯಿಯನ್ನೂ ತೆರವು ಮಾಡಿ. ಮೋಟರಿನ ಒಳಗೆ ನೀರು ನಿಲ್ಲುವುದು ಅದು ಕಟ್ಟಿದಾಗಲೇ.

ಸಿಗ್ನಲ್ ಕೊಟ್ಟಾಗ ಮೋಟರ್ ತಿರುಗುವ ಶಬ್ದ ಬಂದು ಆಂಟೆನಾ ಮಾತ್ರ ಅಲುಗಾಡದಿದ್ದರೆ ಆ ದಾರ ಆಗಲೇ ಹೋಗಿದೆ ಎಂದು ಅರ್ಥ. ಆಗಲೂ ಇಡೀ ಡಬ್ಬಿ ಬದಲಿಸಬೇಕಿಲ್ಲ, ಕೋಲು ಮತ್ತು ದಾರ ಒಟ್ಟಿಗೆ ಇರುವ ಸೆಟ್ ಕೇಳಿ. ಕಾಯಂ, ಅರ್ಥ್, ಸಿಗ್ನಲ್ ಮೂರೂ ಸರಿಯಾಗಿ ಸಿಕ್ಕು ಮೋಟರ್ ಪೂರ್ತಿ ಸುಮ್ಮನಿದ್ದರೆ ಮಾತ್ರ ಡಬ್ಬಿ ಬಿಚ್ಚುವ ಮಾತು. ಆ ಹಂತಕ್ಕೆ ಬಂದರೆ ಮೂರೂ ವೈರಿನ ವೋಲ್ಟೇಜನ್ನು ರೇಡಿಯೋ ಆನ್ ಇದ್ದಾಗ ಒಮ್ಮೆ, ಆಫ್ ಇದ್ದಾಗ ಒಮ್ಮೆ ಬರೆದು ಕಳಿಸಿ. ಒಳಗಿನ ರಿಲೇ ಹೋಗಿದೆಯೋ ಮೋಟರಿನ ಕಾರ್ಬನ್ ಸವೆದಿದೆಯೋ ಹುಡುಕುವುದು ಹೇಗೆಂದು ತಿಳಿಸುತ್ತೇನೆ.